ಊರ ಎಲ್ಲೆಯೊಳಗಿನ ವನ್ಯಜೀವನ: ಉದ್ದನಪಲ್ಲಿಯ ಸುತ್ತಣ ಛಾಯಾಚಿತ್ರಣಕ್ಕೊಂದು ಕೈಪಿಡಿ

2020ನೆಯ ಇಸವಿಯ ಮಾರ್ಚ್ 25ರಂದು ಕೋವಿಡ್ ಸೋಂಕಿನ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ, ಅದುವರೆಗೆ ರಜೆ ಬಂದಿತೆಂದರೆ ಕ್ಯಾಮೆರಾದ ಚೀಲವನ್ನು ಹೆಗಲಿಗೇರಿಸಿ ಬಂಡೀಪುರಕ್ಕೋ ಕಬಿನಿಗೋ ರಂಗನತಿಟ್ಟಿಗೋ ಹೊರಟುಬಿಡುತ್ತಿದ್ದ ಹೊಸೂರು ಸೀಮೆಯ ಛಾಯಾಗ್ರಾಹಕರ ಪಾಡು ಕಷ್ಟಕ್ಕೆ ಬಂದಿತು. ಕರ್ನಾಟಕಕ್ಕೆ ಹೋಗಲು ಅತ್ತಿಬೆಲೆಯ ಗಡಿಯನ್ನು ದಾಟಬೇಕಾದರೆ ಅನುಮತಿಯ ಪತ್ರ ಬೇಕಾಯಿತು. ದಾಟಿ ಹೋದರೂ ಅಭಯಾರಣ್ಯಗಳ ದ್ವಾರಗಳು ತೆರೆದಿರಲಿಲ್ಲ. ಏಪ್ರಿಲ್ ತಿಂಗಳ ಕೊನೆಗೆ ಕೇಂದ್ರ ಸರ್ಕಾರವು ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ತಮಿಳುನಾಡಿನಲ್ಲಿ ಹಸಿರು ವಲಯವೆನಿಸಿಕೊಂಡದ್ದು ಉದ್ದನಪಲ್ಲಿಯನ್ನು ಒಳಗೊಂಡ ನಮ್ಮ ಕೃಷ್ಣಗಿರಿ ಜಿಲ್ಲೆಯೊಂದೇ ಆಗಿತ್ತಾದರೂ, ಆ ಹಿರಿಮೆ ಬಹುದಿನ ಉಳಿಯಲಿಲ್ಲ. ಮೇ ತಿಂಗಳ ಮೊದಲಲ್ಲಿಯೇ ಸೋಂಕು ಇಲ್ಲಿಗೂ ಬಂದಿತು. ಹೀಗೆ ದೂರದ ಕಾಡಿಗೆ ಹೋಗುವ ಆಸೆಯನ್ನು ಬಿಟ್ಟು, ಹಿತ್ತಿಲು, ಮಾಳಿಗೆ, ಹೊಲದ ಬದು, ಕೆರೆಯ ಏರಿ, ಊರಾಚೆಯ ಬಂಡೆ ಇಷ್ಟನ್ನೇ ತಮ್ಮ ಅರಣ್ಯವೆಂದು ಒಪ್ಪಿಕೊಂಡವರಿಗೆ ಆ ವರ್ಷವು ಕೊಟ್ಟ ಅರಿವು ಇಂದಿಗೂ ಉಪಯುಕ್ತವಾದುದು. ಕಾಯಿಲೆಯಿಂದಲೋ, ವೃದ್ಧರ ಶುಶ್ರೂಷೆಯಿಂದಲೋ, ಕೈಯಲ್ಲಿ ಹಣವಿಲ್ಲದೆಯೋ ಮನೆಯನ್ನು ಬಿಟ್ಟು ಹೋಗಲಾರದವರು ಎಲ್ಲ ಕಾಲದಲ್ಲಿಯೂ ಇರುವರಷ್ಟೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ವರ್ಷಕ್ಕೊಮ್ಮೆ ಜೀಪಿನಲ್ಲಿ ಕುಳಿತು ತೆಗೆದ ಹುಲಿಯ ಚಿತ್ರಕ್ಕಿಂತ, ಒಂದೇ ಸ್ಥಳವನ್ನು ಋತುವಿನಿಂದ ಋತುವಿಗೆ ಬಿಡದೆ ನೋಡಿ, ದಿನಾಂಕದೊಡನೆ ತೆಗೆದಿಟ್ಟ ಸಾಮಾನ್ಯ ಜೀವಿಗಳ ಚಿತ್ರಮಾಲೆಯು ಹೆಚ್ಚಿನ ಬೆಲೆಯುಳ್ಳದ್ದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನಲ್ಲಿಯೇ ಹಕ್ಕಿಗಳನ್ನು ಕಾದು ಕುಳಿತು ಚಿತ್ರ ತೆಗೆದವರು. ಅವರ ಚಿತ್ರಗಳಲ್ಲಿ ಹಕ್ಕಿಯ ಸ್ವಭಾವವು ಅಷ್ಟು ನಿಚ್ಚಳವಾಗಿ ಕಾಣುವುದಕ್ಕೆ, ಆ ಹಕ್ಕಿಯೊಡನೆ ನೆರೆಹೊರೆಯವರಾಗಿ ಬಾಳಿದ್ದೇ ಕಾರಣವೆಂದು ನಾನು ನಂಬಿದ್ದೇನೆ.

ಉಪಕರಣದ ವಿಚಾರವನ್ನು ಬೇಗನೆ ಮುಗಿಸಬಹುದು. ಅಂಗಡಿಗಳೇ ಮುಚ್ಚಿದ್ದ ಆ ದಿನಗಳಲ್ಲಿ ಕೈಯಲ್ಲಿದ್ದುದರಿಂದಲೇ ಕೆಲಸ ನಡೆಯಬೇಕಾಗಿತ್ತು, ನಡೆಯಿತು ಕೂಡ. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಬೆರಳನ್ನು ಒತ್ತಿಹಿಡಿದು ಫೋಕಸನ್ನು ಸ್ಥಿರಪಡಿಸಿಕೊಂಡು, ಬೆಳಕನ್ನು ತುಸು ತಗ್ಗಿಸಿ ತೆಗೆಯಬೇಕು; ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸುವ ಬದಲು ತಾವೇ ಒಂದು ಹೆಜ್ಜೆ ಮುಂದೆ ಸರಿಯಬೇಕು. ಕೀಟಗಳಿಗೆ ಮೊಬೈಲಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೋ ಮಸೂರವೇ ಸಾಕು. ಕ್ಯಾಮೆರಾ ಉಳ್ಳವರ ಬಳಿ ಅಪರ್ಚರಿನ ಬಳೆಯಿರುವ ಹಳೆಯ 50 ಮಿಲಿಮೀಟರ್ ಮಸೂರವೊಂದಿದ್ದರೆ ಅದನ್ನು ಹಿಂದುಮುಂದಾಗಿ ಜೋಡಿಸುವ ಬಳೆಯಿಂದ ಸಿಕ್ಕಿಸಿ ಇರುವೆಯ ಕಣ್ಣನ್ನೂ ಹಿಡಿಯಬಹುದು; ವಸ್ತುವಿಗೂ ಮಸೂರಕ್ಕೂ ಕೆಲವೇ ಅಂಗುಲಗಳ ಅಂತರವಿರುವುದರಿಂದ ಉಸಿರನ್ನು ಬಿಗಿಹಿಡಿದು, ಕೈಯಿಂದ ಫೋಕಸ್ ತಿರುಗಿಸದೆ, ದೇಹವನ್ನೇ ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗಿ ಸ್ಪಷ್ಟತೆ ಬಂದ ಕ್ಷಣದಲ್ಲಿ ಗುಂಡಿಯನ್ನು ಒತ್ತತಕ್ಕದ್ದು. ಫ್ಲಾಷ್ ಬಳಸುವುದಾದರೆ ಅದರ ಮುಂದೆ ತೆಳುವಾದ ಬಿಳಿಯ ಕಾಗದವನ್ನು ಕಟ್ಟಿದರೆ ಕೀಟದ ಮೈಮೇಲಿನ ಹೊಳಪು ಕಣ್ಣಿಗೆ ಚುಚ್ಚುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ಪ್ರಸ್ಥಭೂಮಿಯಲ್ಲಿ ಮೋಡವಿಲ್ಲದ ದಿನದ ಬಿಸಿಲು ಒಂಬತ್ತು ಗಂಟೆಯೊಳಗಾಗಿಯೇ ಕಠೋರವಾಗುವುದರಿಂದ, ಬೆಳಗಿನ ಎರಡು ತಾಸು ಮತ್ತು ಸಂಜೆಯ ಒಂದು ತಾಸು, ಇವೇ ಕೆಲಸಕ್ಕೆ ಒದಗುವ ಹೊತ್ತು.

ಆರಂಭಕ್ಕೆ ಹಿತ್ತಿಲಿನ ಕರಿಬೇವಿನ ಗಿಡಕ್ಕಿಂತ ಉತ್ತಮವಾದ ಪಾಠಶಾಲೆಯನ್ನು ನಾನು ಕಾಣೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯು ಅದರ ಎಳೆಯ ಎಲೆಗಳ ಮೇಲೆ ಸಾಸಿವೆಗಿಂತಲೂ ಕಿರಿದಾದ ತಿಳಿಹಳದಿಯ ದುಂಡು ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೋಗುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳುವು ಕಂದು ಬಿಳುಪಿನ ಬಣ್ಣದಿಂದ ಹಕ್ಕಿಯ ಹಿಕ್ಕೆಯೆಂದು ಭ್ರಮೆ ಹುಟ್ಟಿಸಿ ಹಕ್ಕಿಯ ಕಣ್ಣಿನಿಂದಲೇ ತಪ್ಪಿಸಿಕೊಳ್ಳುವುದು. ಪೊರೆಯನ್ನು ಮತ್ತೆ ಮತ್ತೆ ಕಳಚಿ ಕೊನೆಯ ಹಂತಕ್ಕೆ ಬಂದೊಡನೆ ಅದೇ ಹುಳು ಎಲೆಯ ಹಸಿರನ್ನು ತಾಳಿ ಎಲೆಯೊಳಗೊಂದು ಎಲೆಯಾಗುವುದು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಚಾಚಿ ಘಾಟಾದ ವಾಸನೆಯನ್ನು ಬಿಡುತ್ತದೆಯಾದರೂ, ಆ ಚಿತ್ರಕ್ಕಾಗಿ ಹುಳುವನ್ನು ಪದೇ ಪದೇ ಕೆಣಕುವುದು ಸಲ್ಲದು. ಇರುವೆಗಳೋ ಕಣಜವೋ ಬಂದು ತಾವೇ ಕೆಣಕುವ ಸಮಯ ಬಂದೇ ಬರುತ್ತದೆ, ಅದಕ್ಕೆ ಕಾಯಬೇಕು. ಕೋಶವು ರೇಷ್ಮೆಯ ಒಂದೆಳೆಯನ್ನು ನಡುವಿಗೆ ಪಟ್ಟಿಯಂತೆ ಕಟ್ಟಿಕೊಂಡು ಕೊಂಬೆಗೆ ಒರಗಿರುತ್ತದೆ, ಅದರ ಬಣ್ಣ ಸುತ್ತಲಿನದನ್ನು ಅನುಸರಿಸಿ ಹಸಿರೋ ಕಂದೋ ಆಗುತ್ತದೆ. ಕೋಶದ ಗೋಡೆ ಕಪ್ಪಾಗಿ ಒಳಗಿನ ರೆಕ್ಕೆಯ ಬಿಳಿಚುಕ್ಕೆಗಳು ಹೊರಗೆ ತೋರಿದವೆಂದರೆ ಮರುದಿನ ನಸುಕಿಗೆ ಚಿಟ್ಟೆ ಹೊರಬರುವ ಸಂಭವವುಂಟು. ಆ ಬೆಳಗ್ಗೆ ಆರು ಗಂಟೆಗೆ ಮುಂಚೆಯೇ ಗಿಡದ ಬಳಿ ಇರಬೇಕು.

ಈ ಎಲ್ಲವೂ ಸುಮಾರು ಒಂದು ತಿಂಗಳಿನೊಳಗೆ ಮುಗಿಯುವ ಕಥೆ. ಇದನ್ನು ಚಿತ್ರಿಸುವ ಕ್ರಮವೂ ಸರಳವೇ: ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ, ಒಂದೇ ದೂರದಿಂದ ಒಂದು ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಇನ್ನೊಂದು ಚಿತ್ರ. ಹೆಣ್ಣುಚಿಟ್ಟೆಗಳಲ್ಲಿ ಎಲ್ಲವೂ ಒಂದೇ ರೂಪದವಲ್ಲವೆಂಬುದನ್ನು ಮರೆಯಬಾರದು. ಕೆಲವು ಗಂಡನ್ನೇ ಹೋಲುತ್ತವೆ. ಮತ್ತೆ ಕೆಲವು, ಹಕ್ಕಿಗಳು ತಿನ್ನಲು ಹೇಸುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ವಿಷಯುಕ್ತ ಚಿಟ್ಟೆಗಳ ವೇಷವನ್ನು ಧರಿಸಿರುತ್ತವೆ. ಒಂದೇ ಗಿಡದಿಂದ ಹೊರಬಂದ ಈ ಭಿನ್ನ ರೂಪಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೋರಿಸಿದರೆ, ಪ್ರಕೃತಿಯ ಅನುಕರಣೆಯ ಮೇಲಿನ ಒಂದು ಅಧ್ಯಾಯವೇ ಶಾಲೆಯ ಮಕ್ಕಳ ಕೈಗೆ ಸಿಕ್ಕಂತಾಗುತ್ತದೆ.

ರಾತ್ರಿಯ ಕೆಲಸಕ್ಕೆ ಮಾಳಿಗೆಯ ಮೇಲೆ ಒಂದು ಬಿಳಿಯ ಪಂಚೆಯನ್ನು ಹಗ್ಗಕ್ಕೆ ಬಿಗಿಯಾಗಿ ಹರವಿ, ಅದರ ಮುಂದೆ ಬಲ್ಬೊಂದನ್ನು ಹಚ್ಚಿದರೆ ಸಾಕು. ಮೊದಲ ಮಳೆ ಬಿದ್ದ ಮೇಲೆ, ಚಂದ್ರನಿಲ್ಲದ ಮೋಡದ ರಾತ್ರಿಗಳಲ್ಲಿ ಬರುವ ಪತಂಗಗಳ ವೈವಿಧ್ಯವು, ಇವೆಲ್ಲ ನಮ್ಮ ಊರಿನಲ್ಲಿಯೇ ಇದ್ದವೇ ಎಂದು ನೋಡಿದವರನ್ನು ಬೆರಗುಗೊಳಿಸದೆ ಬಿಡದು. ಹೂವಿನ ಬೇಸಾಯದ ಈ ಸೀಮೆಯಲ್ಲಿ ಮನೆಮನೆಯ ಮುಂದೆಯೂ ಇರುವ ನಂದಿಬಟ್ಟಲು, ಕಣಗಿಲೆ ಗಿಡಗಳೇ ಓಲಿಯಾಂಡರ್ ಹಾಕ್ ಮಾತ್ ಎಂಬ ದೊಡ್ಡ ಹಸಿರು ಪತಂಗದ ಮರಿಗಳಿಗೆ ಆಹಾರ. ಎಲೆಯಿಲ್ಲದೆ ಬೋಳಾದ ರೆಂಬೆಯ ಕೆಳಗೆ ದಪ್ಪನೆಯ ಹಿಕ್ಕೆಗಳು ಬಿದ್ದಿದ್ದರೆ ಮೇಲೆ ಹುಡುಕಿ, ನೀಲಿಬಿಳಿಯ ಹುಸಿಗಣ್ಣುಗಳುಳ್ಳ ಹುಳು ಕಾಣುವುದು. ಒಂದೆರಡು ತಾಸಿನ ತರುವಾಯ ದೀಪವನ್ನು ಆರಿಸಿ ಪಂಚೆಯನ್ನು ಮೆಲ್ಲನೆ ಕೊಡವಬೇಕು. ಬೆಳಗಿನವರೆಗೆ ಉರಿಯಲು ಬಿಟ್ಟರೆ ಬಳಲಿದ ಪತಂಗಗಳೆಲ್ಲ ಕಾಜಾಣ, ಮೈನಾಗಳ ಪಾಲಾಗುತ್ತವೆ.

ಇನ್ನು ಹೊಲದ ಕಡೆಗೆ ಬರೋಣ. ಆ ವರ್ಷ ಬೇಸಾಯದ ಕೆಲಸಕ್ಕೆ ಸರ್ಕಾರವು ಬೇಗನೆ ವಿನಾಯಿತಿ ಕೊಟ್ಟುದರಿಂದ ಹೊಲಕ್ಕೆ ಹೋಗಿಬರುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಮಾರುಕಟ್ಟೆಗಳು ಮುಚ್ಚಿ, ಮದುವೆ ಉತ್ಸವಗಳು ನಿಂತು, ಹೊಸೂರಿನ ಗುಲಾಬಿಯನ್ನು ಕೊಳ್ಳುವವರಿಲ್ಲದೆ ಬೆಳೆದವರು ತಾವೇ ಕಿತ್ತು ಚೆಲ್ಲಬೇಕಾದ ದುರ್ದಿನಗಳವು. ಆ ವ್ಯಥೆಯ ನಡುವೆ ಕ್ಯಾಮೆರಾ ಹಿಡಿದು ಪರರ ಹೊಲಕ್ಕೆ ಹೋಗುವವನಿಗೆ ವಿನಯವು ಮೊದಲ ಉಪಕರಣವಾಗಬೇಕು. ಕೊಯ್ಯದೆ ಉಳಿದ ಕೊತ್ತಂಬರಿಯ ಮಡಿಗಳು ಹೂವೇರಿ ನಿಂತಾಗ, ಬೆಳ್ಳನೆಯ ಆ ಹೂಗೊಂಚಲುಗಳಿಗೆ ಕಿರುಜೇನು, ತುಡುವೆ, ಕಣಜ, ಜೇನಿನಂತೆಯೇ ಪಟ್ಟೆ ಬಳಿದುಕೊಂಡ ಹೂನೊಣಗಳು ಬಂದು ಮುತ್ತುತ್ತವೆ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ ಎಂಬ ಭೇದವನ್ನು ಕಣ್ಣಿಗಿಂತ ನಿಶ್ಚಿತವಾಗಿ ಚಿತ್ರವೇ ಹೇಳುತ್ತದೆ. ಬದುವಿನ ಮೇಲೆ ಕುಳಿತು ಒಂದೇ ಗೊಂಚಲಿಗೆ ಫೋಕಸ್ ಕಟ್ಟಿ, ಬಂದುಹೋಗುವುದೆಲ್ಲವನ್ನೂ ಅರ್ಧ ತಾಸು ತೆಗೆಯಿರಿ. ಹಾರುವ ಕೀಟದ ಹಿಂದೆ ಓಡುವುದರಿಂದ ಏನೂ ದೊರೆಯದು.

ಊರೊಳಗಿನ ಗೀಜಗದ ಗೂಡುಗಳ ಮಾತೂ ಹೀಗೆಯೇ. ಮುಂಗಾರು ಬಿದ್ದೊಡನೆ ತಲೆಯ ಮೇಲೆ ಹಳದಿಯ ಟೋಪಿ ತೊಟ್ಟಂತಾಗುವ ಗಂಡುಹಕ್ಕಿಯು, ಬಾವಿಯ ಮೇಲಕ್ಕೆ ಬಾಗಿದ ಈಚಲು ಗರಿಗೋ ಜಾಲಿಯ ಕೊಂಬೆಗೋ ಹುಲ್ಲಿನ ಎಳೆಗಳನ್ನು ಹೆಣೆದು, ಗೂಡು ಶಿರಸ್ತ್ರಾಣದ ಆಕಾರಕ್ಕೆ ಬಂದಾಗ ಕೆಲಸ ನಿಲ್ಲಿಸಿ ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದ ಕೊಳವೆಯನ್ನು ಕಟ್ಟಿ ಮುಗಿಸುವುದುಂಟು, ಒಪ್ಪದಿದ್ದರೆ ಅರೆಗೂಡು ಹಾಗೆಯೇ ನೇತಾಡುವುದು. ಈ ಪರೀಕ್ಷೆಯ ಗಳಿಗೆಯೇ ಛಾಯಾಗ್ರಾಹಕನು ಕಾಯತಕ್ಕ ಗಳಿಗೆ. ಬಾವಿಯ ಒಡೆಯರನ್ನು ಕೇಳದೆ ಇಳಿಯಬಾರದು. “ಅಣ್ಣಾ, ನಿಮ್ಮ ಬಾವೀಲಿ ಗೀಜಗ ಗೂಡು ಕಟ್ಟೈತಲ್ಲ, ಈ ಬದೀನ ಮೇಲೆ ಸೊಲ್ಪ ಹೊತ್ತು ಕೂತ್ಕೊಳ್ಳಲಾ?” ಎಂದು ಕೇಳಿದರೆ ಬೇಡವೆನ್ನುವವರು ಈ ಕಡೆ ಕಡಿಮೆ, “ಕೂತ್ಕೊಳಪ್ಪ, ಆದ್ರೆ ಮಾಸ್ಕು ಹಾಕ್ಕೊಂಡು ಅಲ್ಲೇ ದೂರದಾಗಿರು, ಮನ್ಯಾಗ ವಯಸ್ಸಾದೋರು ಅವರೆ” ಎಂಬ ಉತ್ತರ ಬಂದಾಗ ಅದಕ್ಕೆ ತಲೆಬಾಗಿ ನಡೆಯುವುದು ಆ ವರ್ಷದ ಧರ್ಮವಾಗಿತ್ತು. ಗೂಡಿಗೆ ಅಡ್ಡ ಬಂದ ಗರಿಯನ್ನು ಕತ್ತರಿಸುವುದು, ಮರಿಗಳ ಚಿತ್ರಕ್ಕಾಗಿ ಕೊಂಬೆಯನ್ನು ಬಗ್ಗಿಸುವುದು ಇವು ಎಂದಿಗೂ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ ಗೂಡುಗಳನ್ನು ಕದಡುವುದನ್ನು ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆಯೆಂಬುದನ್ನು ಎಷ್ಟೋ ಮಂದಿ ಛಾಯಾಗ್ರಾಹಕರು ಅರಿಯರು.

ಕೆರೆಯಂಚಿನ ಹಕ್ಕಿಗಳಿಗೆ ಒಂದೆರಡು ತಾಂತ್ರಿಕ ಸೂಚನೆಗಳು ಸಾಕು. ಹಸಿರು ಗದ್ದೆಯ ಹಿನ್ನೆಲೆಯಲ್ಲಿ ಬೆಳ್ಳಕ್ಕಿಯನ್ನು ತೆಗೆಯುವಾಗ ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು ತಗ್ಗಿಸದಿದ್ದರೆ ಅದರ ಗರಿಗಳ ಎಳೆಯೆಳೆಯೂ ಬಿಳುಪಿನಲ್ಲಿ ಕರಗಿಹೋಗುತ್ತದೆ. ತಂತಿಯ ಮೇಲೆ ಬೆಳ್ಳನೆಯ ಆಕಾಶಕ್ಕೆದುರಾಗಿ ಕುಳಿತ ಕಾಜಾಣಕ್ಕೆ ಅಷ್ಟೇ ಏರಿಸಬೇಕು. ಹಾರುವ ಹಕ್ಕಿಗೆ ಶಟರು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನವಾಗಬಾರದು. ಟಿಟ್ಟಿಭವು ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ, ಅದು ತಲೆಯ ಮೇಲೆ ಸುತ್ತುತ್ತ ಕೂಗತೊಡಗಿತೆಂದರೆ ಕಾಲಬುಡವನ್ನು ನೋಡಿಕೊಂಡು ಬಂದ ಹೆಜ್ಜೆಯಲ್ಲಿಯೇ ಹಿಂದಿರುಗುವುದು ಕ್ಷೇಮ.

ಈ ಸೀಮೆಯ ನಿಜವಾದ ಐಶ್ವರ್ಯವು ಅದರ ಬಂಡೆಗಳಲ್ಲಿದೆ. ರಾಯಕೋಟೆಯ ದುರ್ಗದಿಂದ ಶೂಲಗಿರಿಯ ಕಡೆಗೆ ಹರಡಿರುವ ಕಲ್ಲುಗುಡ್ಡಗಳಲ್ಲಿ, ಮನೆಯಿಂದ ನಡೆದು ಹೋಗಬಹುದಾದ ಯಾವುದೇ ಬೋಳುಬಂಡೆಯ ಮೇಲೆ, ಬೇಸಗೆ ಮಳೆಗೆ ತಿರುಗುವ ಕಾಲದಲ್ಲಿ ಬಂಡೆಯ ಓತಿಕ್ಯಾತವು ತನ್ನ ಬಣ್ಣದ ವೈಭವವನ್ನು ತೋರುತ್ತದೆ. ಹೆಣ್ಣು ಕಲ್ಲಿನ ಬಣ್ಣದ್ದು, ಬಲ್ಲವರಿಗಲ್ಲದೆ ಕಾಣಿಸದು. ಗಂಡಾದರೋ ಬಂಡೆಯ ನೆತ್ತಿಯ ಮೇಲೆ ಮುಂಗಾಲುಗಳನ್ನು ಚಾಚಿ, ಎದೆಯನ್ನೆತ್ತಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ತನ್ನ ರಾಜ್ಯವನ್ನು ಸಾರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡುಕೊಂಡಂತೆ, ಹೆಣ್ಣಿನೆದುರು ಅದರ ಬೆನ್ನು ಕೆಂಡಗೆಂಪಾಗಿ ಪಕ್ಕೆಗಳು ಕಡುಗಪ್ಪಾಗುತ್ತವೆ; ಎದುರಾಳಿ ಗಂಡು ಬಂದರೆ ಬೆನ್ನು ಹಳದಿಗೂ ಪಕ್ಕೆಗಳು ಕಿತ್ತಳೆಗೂ ತಿರುಗುತ್ತವೆ; ಈ ಪರಿವರ್ತನೆಯೆಲ್ಲ ನಮ್ಮ ಕಣ್ಣೆದುರಿನಲ್ಲಿಯೇ, ಕ್ಷಣಮಾತ್ರದಲ್ಲಿ ನಡೆಯುವುದು. ಒಂದು ಚಿತ್ರದಿಂದ ಇದನ್ನು ತಿಳಿಸಲಾಗದು, ಸಾಲುಚಿತ್ರಗಳು ಬೇಕು. ಹಿಂದಿನ ದಿನವೇ ಅದು ಕೂರುವ ಕಲ್ಲನ್ನು ಗುರುತಿಸಿಟ್ಟುಕೊಂಡು, ಬಿಸಿಲು ಬಂಡೆಯನ್ನು ಕಾಯಿಸುವುದಕ್ಕೆ ಮುಂಚೆ ಹೋಗಿ ಹೊಟ್ಟೆಯ ಮೇಲೆ ಮಲಗಿ, ಮಸೂರವನ್ನು ಅದರ ಕಣ್ಣಿನ ಮಟ್ಟಕ್ಕೆ ತಂದು, ಮುಂದಿನ ಕಲ್ಲು ಚಿತ್ರದಲ್ಲಿ ಮಂಜುಮಂಜಾಗುವಂತೆ ಕೋನವನ್ನು ಹೊಂದಿಸಿಕೊಳ್ಳಬೇಕು. ಬಂಡೆಯ ಬಿರುಕಿನೊಳಗೆ ಕೈಯನ್ನಾಗಲಿ ಕೋಲನ್ನಾಗಲಿ ತೂರಬೇಡಿರಿ, ಅಲ್ಲಿ ಹಾವಿರಬಹುದು. ಇದ್ದುದು ಓತಿಯೇ ಆದರೂ ಅದರ ಆಶ್ರಯವನ್ನು ಕೆಡಿಸಿದಂತಾಗುವುದು.

ಆನೆಯ ವಿಷಯದಲ್ಲಿ ಮಾತ್ರ ನನ್ನ ಸಲಹೆಯು ಕಟ್ಟುನಿಟ್ಟಾದುದು: ತೆಗೆಯಲು ಹೋಗಬೇಡಿರಿ. ರಾಗಿ ತೆನೆಗೂಡುವ ಅಕ್ಟೋಬರಿನಿಂದ ಮೊದಲ್ಗೊಂಡು ಚಳಿಗಾಲದುದ್ದಕ್ಕೂ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಡೆಂಕಣಿಕೋಟೆಗಳ ಮಾರ್ಗವಾಗಿ ಬರುವ ಹಿಂಡುಗಳು ಸಾನಮಾವಿನ ಕಾಡಿನಲ್ಲಿ ಹಗಲನ್ನು ಕಳೆದು ಇರುಳಿನಲ್ಲಿ ಹೊಲಗಳಿಗಿಳಿಯುವುದನ್ನು ಉದ್ದನಪಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿ ಹಿಂಡನ್ನು ಹಿಂದಕ್ಕೆ ಅಟ್ಟುವ ಸಮಯದಲ್ಲಿ ರಸ್ತೆಯ ಬದಿಯಲ್ಲಿ ಮೊಬೈಲುಗಳನ್ನೆತ್ತಿ ನೆರೆಯುವ ಜನಜಂಗುಳಿಯು ಆನೆಯ ದಾರಿಯನ್ನು ಕಟ್ಟಿ ಅದನ್ನು ಕೆರಳಿಸುವುದು. ಮೀಸಲು ಅರಣ್ಯವನ್ನು ಅನುಮತಿಯಿಲ್ಲದೆ ಹೊಗುವುದು ಅಪರಾಧವೂ ಹೌದು. ಆದರೆ ಬೆಳಗಾದ ಮೇಲೆ ಹೊಲದಲ್ಲಿ ಉಳಿದ ಹೆಜ್ಜೆಗುರುತನ್ನು ತೆಗೆಯುವುದಕ್ಕೆ ಯಾವ ಅಪಾಯವೂ ಇಲ್ಲ. ಮುಂಗಾಲಿನ ದುಂಡು ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆದು ಇಮ್ಮಡಿಸಿದರೆ ಆನೆಯ ಭುಜದ ಎತ್ತರವು ಹತ್ತಿರ ಹತ್ತಿರ ಸಿಕ್ಕಿಬಿಡುತ್ತದೆ. ಟೇಪನ್ನು ಪಕ್ಕದಲ್ಲಿಟ್ಟು ಮೇಲಿನಿಂದ ನೇರವಾಗಿ ಒಂದು ಚಿತ್ರ, ತುಳಿದ ರಾಗಿಯೂ ಹಿನ್ನೆಲೆಯ ಗುಡ್ಡವೂ ಕಾಣುವಂತೆ ಒಂದು ಚಿತ್ರ: ಇವೆರಡನ್ನು ರೈತನಿಗೂ ಕಳುಹಿಸಿರಿ, ಪರಿಹಾರದ ಅರ್ಜಿಯೊಡನೆ ಅವನಿಗೆ ಒದಗಿಬರಬಹುದು.

ತೆಗೆದ ಚಿತ್ರವು ಏನನ್ನು ತೋರಿಸುತ್ತದೆಯೆಂದು ಗುರುತಿಸದೆ ಇಟ್ಟರೆ ಅರ್ಧ ಪ್ರಯೋಜನ ನಷ್ಟವಾದಂತೆ. 2020ರ ಮೇ ಕೊನೆಯಲ್ಲಿ ಉತ್ತರ ಭಾರತದ ಮರುಭೂಮಿ ಮಿಡತೆಗಳ ಸುದ್ದಿಯಿಂದ ಜನ ಕಂಗೆಟ್ಟಿದ್ದಾಗ, ನಮ್ಮದೇ ಜಿಲ್ಲೆಯ ನೇರಳಗಿರಿಯಲ್ಲಿ ಎಕ್ಕದ ಗಿಡಗಳ ಮೇಲೆ ಮಿಡತೆಗಳು ಗುಂಪುಗೂಡಿರುವುದನ್ನು ಕಂಡು ದೊಡ್ಡ ಭೀತಿ ಹಬ್ಬಿತು. ಪರೀಕ್ಷಿಸಿದ ಅಧಿಕಾರಿಗಳು ಅವು ಮರುಭೂಮಿಯ ಮಿಡತೆಗಳಲ್ಲವೆಂದು ತಿಳಿಸಿದ ಮೇಲೆ ಭೀತಿ ಇಳಿಯಿತು. ಇಂತಹ ಸಮಯದಲ್ಲಿ ಬೆನ್ನು, ಪಕ್ಕ, ಮುಖ ಈ ಮೂರು ಕಡೆಗಳಿಂದಲೂ ತೆಗೆದ ಸ್ಪಷ್ಟ ಚಿತ್ರ, ಜೊತೆಗೆ ಕುಳಿತಿದ್ದ ಗಿಡದ ಒಂದು ಚಿತ್ರ ಇದ್ದರೆ ತಜ್ಞರು ದೂರದಿಂದಲೇ ಉತ್ತರ ಹೇಳಬಲ್ಲರು. ಐನ್ಯಾಚುರಲಿಸ್ಟ್ ತಾಣಕ್ಕೆ ಕೀಟ ಸಸ್ಯಗಳ ಚಿತ್ರಗಳನ್ನೂ, ಈಬರ್ಡಿಗೆ ಹಕ್ಕಿಗಳ ಪಟ್ಟಿಯನ್ನೂ ಯಾರು ಬೇಕಾದರೂ ಸಲ್ಲಿಸಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಗೆ ಹದಿನೈದು ನಿಮಿಷ ಕುಳಿತು ನೋಡಿದರೆ ಸಾಕು. 2020ರ ಮೇ 9ರಂದು ನಡೆದ ಜಾಗತಿಕ ಹಕ್ಕಿದಿನದಲ್ಲಿ ಎಷ್ಟೋ ದೇಶಗಳ ಜನ ತಮ್ಮ ಮನೆಯ ಕಿಟಕಿಯಿಂದಲೇ ಪಾಲ್ಗೊಂಡರು. ಗೂಡಿನ ಸ್ಥಳವನ್ನೂ ಆನೆಯ ಹಿಂಡಿನ ಇರವನ್ನೂ ಮಾತ್ರ ಕೂಡಲೇ ಪ್ರಕಟಿಸಬಾರದು.

ಸಾಮಾನ್ಯ ಜೀವಿಗಳ ಈ ದಾಖಲೆಗೆ ಇಷ್ಟೊಂದು ಶ್ರಮವೇತಕ್ಕೆಂದು ಕೇಳುವವರಿಗೆ ಉದ್ದನಪಲ್ಲಿಯೇ ಉತ್ತರ ಕೊಡುತ್ತದೆ. ಆ ನಿರ್ಬಂಧದ ವರ್ಷಗಳು ಕಳೆದು ಬಹುಕಾಲವಾಗುವುದಕ್ಕೆ ಮುನ್ನವೇ, ಉದ್ದನಪಲ್ಲಿ, ಅಯರ್ನಪಲ್ಲಿ, ನಾಗಮಂಗಲ ಪಂಚಾಯತಿಗಳ ಮೂರು ಸಾವಿರ ಎಕರೆಗೂ ಮೀರಿದ ಭೂಮಿಯನ್ನು ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆಯ ಕೈಗಾರಿಕಾ ವಸಾಹತಿಗೆ ತೆಗೆದುಕೊಳ್ಳುವ ಯೋಜನೆಯನ್ನು ವಿರೋಧಿಸಿ 2023ರಲ್ಲಿ ರೈತರು ಉದ್ದನಪಲ್ಲಿಯಲ್ಲಿ ಧರಣಿ ಕುಳಿತರು. ಯಾವ ಬಾವಿಯಲ್ಲಿ ಗೀಜಗವಿತ್ತು, ಯಾವ ಬಂಡೆಯಲ್ಲಿ ಓತಿಯಿತ್ತು, ಯಾವ ಹೊಲದಲ್ಲಿ ಆನೆ ನಡೆದಿತ್ತು ಎಂಬುದಕ್ಕೆ ದಿನಾಂಕವುಳ್ಳ ಚಿತ್ರಗಳಿಲ್ಲದಿದ್ದರೆ, ಈ ನೆಲ ಬರಿಯ ಬಂಜರೆಂದು ನಾಳೆ ಯಾರಾದರೂ ಬರೆದಾಗ ಇಲ್ಲವೆನ್ನುವುದಕ್ಕೆ ನಮ್ಮ ಬಳಿ ಮಾತಿನ ಹೊರತು ಬೇರೇನೂ ಇರದು.

ಆದುದರಿಂದ ಕಡತದ ವ್ಯವಸ್ಥೆಯಲ್ಲಿ ಔದಾಸೀನ್ಯ ಬೇಡ. ಕ್ಯಾಮೆರಾದ ಗಡಿಯಾರವು ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿರಿ. ಪ್ರತಿ ಚಿತ್ರದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಸ್ಥಳ, ಜೀವಿಯ ಹೆಸರು ಈ ಅನುಕ್ರಮವಿರಲಿ. ನಿಮ್ಮ ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೋ ಆ ಹೆಸರನ್ನೂ ಸೇರಿಸಿರಿ. ವಾಟ್ಸಾಪಿನಲ್ಲಿ ಕಳುಹಿಸಿದ ಪ್ರತಿಯು ಕುಗ್ಗಿಹೋಗುವುದಲ್ಲದೆ ತೆಗೆದ ದಿನಾಂಕದ ವಿವರವನ್ನೂ ಕಳೆದುಕೊಳ್ಳುವುದರಿಂದ ಮೂಲ ಕಡತವನ್ನು ಅಳಿಸದೆ ಎರಡು ಕಡೆಗಳಲ್ಲಿ, ಮನೆಯ ಡ್ರೈವಿನಲ್ಲಿ ಒಂದು, ಬೇರೊಂದು ಊರಿನ ಬಂಧುಗಳ ಬಳಿ ಒಂದು, ಇಟ್ಟಿರತಕ್ಕದ್ದು. ವರ್ಷದ ಕೊನೆಗೆ ಆಯ್ದ ಚಿತ್ರಗಳನ್ನು ತಿಂಗಳ ಅನುಕ್ರಮದಲ್ಲಿ ಅಚ್ಚುಹಾಕಿಸಿ ಊರಿನ ಶಾಲೆಗೆ ಒಂದು ಪ್ರತಿಯನ್ನು ಕೊಟ್ಟರೆ, ಮುಂದಿನ ಜೂನ್ ತಿಂಗಳಲ್ಲಿ ಅದೇ ಬಾವಿಯ ಬಳಿಗೆ ಹೋಗಿ ಗೂಡುಗಳನ್ನು ಎಣಿಸಿ ಬರುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು.